ಇಬೇ ಸರ್ಚ್: ‘ಬೇಡ’ ಅಂದರೆ ಕೇಳಿಸಿಕೊಳ್ಳುವ ಅಂಗಡಿ

ನಾನು ಹಳೆಯ ಫಿಲಂ ಕ್ಯಾಮೆರಾ ಬಳಸುವವನು. ಅದರಲ್ಲೂ ಪೆಂಟ್ಯಾಕ್ಸ್ ಕೆ1000 ಅಂದರೆ ಬಹಳ ಇಷ್ಟ. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ ಅದು. ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಲೈಟ್ ಮೀಟರ್‌ಗೆ ಮಾತ್ರ. ಅಷ್ಟು ವರ್ಷ ತಯಾರಾಗಿದ್ದರಿಂದ ಇವತ್ತಿಗೂ ಮಾರಾಟಕ್ಕೆ ಸಿಗುತ್ತಲೇ ಇರುತ್ತದೆ. ತೊಂದರೆ ಏನೆಂದರೆ, ಅದರ ಹೆಸರು ಹಾಕಿಕೊಂಡು ಮಾರಾಟವಾಗುವ ಬೇರೆ ಸಾಮಾನು ಇನ್ನೂ ಜಾಸ್ತಿ. ಬರೀ ಹೆಸರು ಟೈಪ್ ಮಾಡಿದರೆ ಸ್ಟ್ರಾಪ್, ಚರ್ಮದ ಕೇಸ್, ಲೆನ್ಸ್ ಕ್ಯಾಪ್, ಮ್ಯಾನ್ಯುಯಲ್, ಕಣ್ಣಿಗೆ ತಾಗುವ ರಬ್ಬರ್ ಕಪ್ ಎಲ್ಲವೂ ಸಾಲುಗಟ್ಟಿ ಬರುತ್ತವೆ. ಕ್ಯಾಮೆರಾ ಎಲ್ಲೋ ಮಧ್ಯದಲ್ಲಿ ಕೂತಿರುತ್ತದೆ.

ಇಂಥ ಹುಡುಕಾಟಕ್ಕೆ ನಾನು ನೆಚ್ಚಿಕೊಂಡಿರುವುದು ಇಬೇ (eBay) ಎಂಬ ಆನ್‌ಲೈನ್ ಮಾರುಕಟ್ಟೆಯ ಸರ್ಚ್ ಬಾಕ್ಸನ್ನು. ಕಾರಣ ಒಂದೇ. ಅಲ್ಲಿ ನಾನು ಬೇಡ ಅಂದದ್ದನ್ನು ಅದು ತೆಗೆದು ಹಾಕುತ್ತದೆ.

ನಾನು ಟೈಪ್ ಮಾಡುವುದು ಹೀಗೆ, ಇಂಗ್ಲಿಷ್ ಅಕ್ಷರಗಳಲ್ಲಿ: ಪೆಂಟ್ಯಾಕ್ಸ್ ಕೆ1000 -(ಸ್ಟ್ರಾಪ್,ಕೇಸ್,ಮ್ಯಾನ್ಯುಯಲ್,ಕ್ಯಾಪ್). ಮೊದಲ ಎರಡು ಪದಗಳ ನಡುವಿನ ಖಾಲಿ ಜಾಗವೇ ‘ಎರಡೂ ಇರಬೇಕು’ ಎಂಬ ಸೂಚನೆ. ಮೈನಸ್ ಚಿಹ್ನೆ ‘ಇವು ಬೇಡ’ ಎನ್ನುತ್ತದೆ. ಮೈನಸ್ ಮುಂಚೆ ಒಂದು ಸ್ಪೇಸ್ ಬೇಕು, ಅದರ ನಂತರ ಇರಬಾರದು. ಬ್ರಾಕೆಟ್ ಒಳಗೆ ಕಾಮಾ ಆದಮೇಲೂ ಸ್ಪೇಸ್ ಬಿಡಬಾರದು. ಮೈನಸ್ ಇಲ್ಲದೆ ಬರೀ ಬ್ರಾಕೆಟ್ ಹಾಕಿದರೆ ‘ಇವುಗಳಲ್ಲಿ ಯಾವುದಾದರೂ ಒಂದು’ ಎಂದು ಅರ್ಥ. ಕಂಪನಿಯ ಹೆಸರನ್ನು ತಪ್ಪಾಗಿ ಬರೆದು ಮಾರುವವರು ಇರುತ್ತಾರಲ್ಲ, ಅವರನ್ನು ಹಿಡಿಯಲು ಇದು ಬಹಳ ಒಳ್ಳೆಯದು. ಸರಿ ಸ್ಪೆಲ್ಲಿಂಗ್ ಒಂದು, ತಪ್ಪು ಸ್ಪೆಲ್ಲಿಂಗ್ ಒಂದು, ಎರಡನ್ನೂ ಬ್ರಾಕೆಟ್‌ನಲ್ಲಿ ಹಾಕಿಬಿಡುತ್ತೇನೆ. ಡಬಲ್ ಕೋಟ್ಸ್ ಒಳಗೆ ಬರೆದರೆ ಪದಗಳು ಅದೇ ಕ್ರಮದಲ್ಲಿ ಇರಬೇಕು.

ಬೇರೆ ಕಡೆಯಿಂದ ಬಂದವರು ಒಂದು ವಿಷಯ ಗಮನಿಸಬೇಕು. ಗೂಗಲ್‌ನಲ್ಲಿ ‘ಅಥವಾ’ ಎನ್ನಲು ಇಂಗ್ಲಿಷ್ ದೊಡ್ಡಕ್ಷರಗಳ ‘ಆರ್’ (OR) ನಡೆಯುತ್ತದೆ. ಇಬೇಯಲ್ಲಿ ‘ಆ್ಯಂಡ್’ (AND), ‘ಆರ್’ ಎಂದು ಬರೆದರೆ ಅವನ್ನೂ ಹುಡುಕಬೇಕಾದ ಮಾಮೂಲಿ ಪದಗಳೆಂದೇ ಅದು ತೆಗೆದುಕೊಳ್ಳುತ್ತದೆ. ಚಿಹ್ನೆಗಳು ನೆನಪಿರದಿದ್ದರೆ ಅಡ್ವಾನ್ಸ್ಡ್ ಸರ್ಚ್ ಪುಟದಲ್ಲಿ ಬೇಡದ ಪದಗಳಿಗೆಂದೇ ಬೇರೆ ಜಾಗವಿದೆ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಮೈನಸ್ ನೋಡುವುದು ಪದವನ್ನು, ಅರ್ಥವನ್ನಲ್ಲ. ಮಾರುವವರು ‘ಕೇಸ್ ಇಲ್ಲ’ ಎಂದು ಪ್ರಾಮಾಣಿಕವಾಗಿ ಟೈಟಲ್‌ನಲ್ಲಿ ಬರೆದಿದ್ದರೆ, ಕೇಸ್ ಬೇಡ ಎಂದ ನನಗೆ ಆ ಕ್ಯಾಮೆರಾ ಕಾಣುವುದೇ ಇಲ್ಲ. ‘ಸ್ಟ್ರಾಪ್ ಸಮೇತ’ ಎಂದು ಬರೆದ ಒಳ್ಳೆಯ ಕ್ಯಾಮೆರಾವೂ ಹಾಗೆಯೇ ಹೋಗಿಬಿಡುತ್ತದೆ. ಕೆಟ್ಟು ಹೋದದ್ದನ್ನು ‘ಪಾರ್ಟ್ಸ್‌ಗೆ ಮಾತ್ರ’ ಎಂದು ಮಾರುತ್ತಾರೆ, ಅದು ಬೇಡವೆಂದು ‘ಪಾರ್ಟ್ಸ್’ ಪದವನ್ನು ತೆಗೆದರೆ, ಎಲ್ಲ ಪಾರ್ಟ್ಸ್ ಸರಿಯಾಗಿವೆ ಎಂದು ಬರೆದವರೂ ಹೊರಗೆ. ಇಬೇಯಲ್ಲಿ ಟೈಟಲ್‌ಗೆ ಸಿಗುವುದು 80 ಅಕ್ಷರ. ಅಷ್ಟರಲ್ಲೇ ಎಲ್ಲವನ್ನೂ ತುರುಕುವುದು ಮಾರುವವರ ಅಭ್ಯಾಸ. ಹಾಗಾಗಿ ನಾನು ಮೊದಲೇ ಉದ್ದ ಪಟ್ಟಿ ಹಾಕುವುದಿಲ್ಲ. ಒಂದೊಂದೇ ಪದ ಸೇರಿಸುತ್ತಾ, ಪ್ರತಿ ಸಲ ಏನು ಮಾಯವಾಯಿತು ಎಂದು ನೋಡುತ್ತೇನೆ. ನಿಧಾನ ಅನ್ನಿಸಬಹುದು, ಆದರೆ ಪದ ಆರಿಸುವ ಈ ಕೆಲಸವೇ ಮುಖ್ಯ.

ಲೆನ್ಸ್ ಹುಡುಕುವಾಗ ಇದು ಇನ್ನೂ ಸೂಕ್ಷ್ಮ. ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆಗೆ ಮೌಂಟ್ ಎನ್ನುತ್ತಾರೆ. ಕೆ1000ಗೆ ಬೇಕಿರುವುದು ಕೆ ಮೌಂಟ್ ಲೆನ್ಸ್. ಅದಕ್ಕಿಂತ ಹಳೆಯ ಪೆಂಟ್ಯಾಕ್ಸ್ ಲೆನ್ಸ್‌ಗಳು ತಿರುಗಿಸಿ ಕೂರಿಸುವ ಎಂ42 ಸ್ಕ್ರೂ ಮೌಂಟ್‌ನವು. ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ಆ ಹಳೆಯ ಲೆನ್ಸ್‌ಗಳ ಹೆಸರು ಟಾಕುಮಾರ್. ಹಾಗಾದರೆ ಟಾಕುಮಾರ್ ಪದವನ್ನೇ ತೆಗೆದರೆ ಆಯಿತು ಅಲ್ವಾ? ಆಗುವುದಿಲ್ಲ. ಟಾಕುಮಾರ್ ಬಯೊನೆಟ್ ಎಂಬ ಲೆನ್ಸ್‌ಗಳೂ ಇವೆ, ಅವು ಕೆ ಮೌಂಟ್‌ನವೇ. ಅದಕ್ಕೇ ನಾನು ತೆಗೆಯುವುದು ‘ಎಂ42’ ಮತ್ತು ‘ಸ್ಕ್ರೂ’ ಎಂಬ ಪದಗಳನ್ನು ಮಾತ್ರ. ಸಾಮಾನಿನ ಬಗ್ಗೆ ತಿಳಿದಿದ್ದರೆ ಮಾತ್ರ ಈ ಚಿಹ್ನೆಗಳಿಂದ ಪೂರ್ತಿ ಉಪಯೋಗ.

ಹೀಗೆ ಹದ ಮಾಡಿದ ಹುಡುಕಾಟವನ್ನು ಇಬೇಯಲ್ಲಿ ಸೇವ್ ಮಾಡಿಡಬಹುದು. ಹೊಸ ಸಾಮಾನು ಬಂದರೆ ಅದೇ ತಿಳಿಸುತ್ತದೆ. ಬೇಡದ ಪದಗಳೂ ಹುಡುಕಾಟದ ಜೊತೆಗೇ ಉಳಿಯುತ್ತವೆ. ಅಪರೂಪದ ವಸ್ತು ಹುಡುಕುವವರಿಗೆ ಇದು ದೊಡ್ಡ ಅನುಕೂಲ. ಉದಾಹರಣೆಗೆ ಕೆ1000 ಎಸ್‌ಇ ಎಂಬ, ಕಂದು ಹೊದಿಕೆಯ ಮಾದರಿ ಇದೆ. ಎರಡೇ ಅಕ್ಷರದ ವ್ಯತ್ಯಾಸ. ಆ ಎರಡು ಅಕ್ಷರ ಇರಲೇಬೇಕು ಎಂದು ಕೇಳಲು ಸಾಧ್ಯವಾಗಬೇಕು.

ಇನ್ನೊಂದು ದೊಡ್ಡ ಶಾಪಿಂಗ್ ಸೈಟ್‌ನಲ್ಲಿ ನನಗೆ ಇದರ ಉಲ್ಟಾ ಅನುಭವವಾಯಿತು. ‘ಸ್ಟ್ರಾಪ್’ ಪದದ ಮುಂದೆ ಮೈನಸ್ ಹಾಕಿದೆ. ಅದು ಮೈನಸ್ ಅನ್ನು ಕೈಬಿಟ್ಟು ಪದವನ್ನು ಮಾತ್ರ ಹಿಡಿದುಕೊಂಡಿತು. ಮೊದಲಿಗಿಂತ ಜಾಸ್ತಿ ಸ್ಟ್ರಾಪ್ ತೋರಿಸಿತು! ನನಗೆ ನಿಜಕ್ಕೂ ಕೋಪ ಬಂತು. ಅಂಗಡಿಯವರ ಲೆಕ್ಕ ಅರ್ಥವಾಗುತ್ತದೆ. ‘ಏನೂ ಸಿಗಲಿಲ್ಲ’ ಎಂಬ ಖಾಲಿ ಪುಟ ತೋರಿಸಲು ಯಾವ ಅಂಗಡಿಗೂ ಇಷ್ಟವಿರುವುದಿಲ್ಲ. ಪದಕ್ಕೆ ಹತ್ತಿರದ್ದು, ಹೆಚ್ಚು ಜನ ಕೊಂಡದ್ದು, ಜಾಹೀರಾತು ಕೊಟ್ಟವರದ್ದು, ಹೀಗೆ ಏನಾದರೂ ತುಂಬಿಸುತ್ತಾರೆ. ಏನು ಬೇಕೆಂದು ಸರಿಯಾಗಿ ಗೊತ್ತಿಲ್ಲದವರಿಗೆ ಅದು ಸಹಾಯವೂ ಆಗಬಹುದು. ಆದರೆ ನಾನು ಸ್ಪಷ್ಟವಾಗಿ ಬೇಡ ಎಂದಮೇಲೆ ಖಾಲಿ ಪುಟವೇ ನನಗೆ ಸರಿಯಾದ ಉತ್ತರ. ಇವತ್ತು ಇಲ್ಲ ಎಂದು ತಿಳಿದರೆ ಸುಮ್ನೆ ಕಂಪ್ಯೂಟರ್ ಮುಚ್ಚಿ ಎದ್ದು ಹೋಗಬಹುದು.

ಇದು ಕಷ್ಟದ ತಂತ್ರಜ್ಞಾನವೂ ಅಲ್ಲ. ಜಾರ್ಜ್ ಬೂಲ್ ಎಂಬ ಇಂಗ್ಲಿಷ್ ಗಣಿತಜ್ಞರು 1847 ಮತ್ತು 1854ರಲ್ಲಿ ಬರೆದ ಪುಸ್ತಕಗಳಲ್ಲಿ ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ತರ್ಕವನ್ನು ಬೀಜಗಣಿತದ ಹಾಗೆ ಬಿಡಿಸಿ ತೋರಿಸಿದರು. 1937ರಲ್ಲಿ ಅಮೆರಿಕದ ಗಣಿತಜ್ಞ, ಎಂಜಿನಿಯರ್ ಕ್ಲಾಡ್ ಶಾನನ್ ಅದನ್ನು ವಿದ್ಯುತ್ ಸ್ವಿಚ್‌ಗಳಿಗೆ ಹೊಂದಿಸಿದರು. ಅಂಗಡಿ ನಡೆಸುವ ಕಂಪ್ಯೂಟರ್ ಒಳಗೆಲ್ಲ ಇದೇ ಲೆಕ್ಕ ಓಡುತ್ತಿದೆ. ಗಿರಾಕಿಯ ಕೈಗೂ ಅದನ್ನು ಕೊಡಬೇಕು ಎನ್ನುವುದಷ್ಟೇ ನನ್ನ ಬೇಡಿಕೆ.

ಸೈಟಿನದೇ ಸರ್ಚ್ ಮಾತು ಕೇಳದಿದ್ದರೆ ನಾನು ಗೂಗಲ್‌ಗೆ ಹೋಗುತ್ತೇನೆ. ‘ಸೈಟ್’ ಎಂದು ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ, ಸ್ಪೇಸ್ ಬಿಡದೆ ಆ ಅಂಗಡಿಯ ವಿಳಾಸ ಕೊಟ್ಟರೆ ಅಲ್ಲಿನ ಪುಟಗಳು ಮಾತ್ರ ಬರುತ್ತವೆ. ಜೊತೆಗೆ ಕೋಟ್ಸ್, ಮೈನಸ್ ಎರಡನ್ನೂ ಬಳಸಬಹುದು. ಮಾರಾಟವಾಗಿ ಹೋದ ಸಾಮಾನಿನ ಹಳೆಯ ಪುಟವೂ ಕೆಲವೊಮ್ಮೆ ಬರುತ್ತದೆ, ತೆರೆದು ನೋಡಲೇಬೇಕು.

ಇಬೇ ಸರ್ಚ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಡಿಮೆ ಮಾಡಿದ್ದು ಈ ಚಿಹ್ನೆಗಳು ಸಹಾಯ ಪುಟದಲ್ಲಿ ಅಡಗಿ ಕೂತಿರುವುದಕ್ಕೆ. ಸರ್ಚ್ ಬಾಕ್ಸ್ ಪಕ್ಕದಲ್ಲೇ ‘ಬೇಡದ ಪದಗಳು’ ಎಂಬ ಇನ್ನೊಂದು ಚಿಕ್ಕ ಬಾಕ್ಸ್ ಇಟ್ಟರೆ ಆ ಅಂಕವನ್ನೂ ಕೊಡುತ್ತೇನೆ.