ಹಳೇ ಸಿಂಗರ್ ಕಂಪನಿ ಮಷಿನ್ ಅಂತ ಹೇಳಿ ಕೊಡುತ್ತಾರೆ, ಕೌದಿ ಹೊಲಿಯುವವರು ಸ್ವಲ್ಪ ನೋಡಿ

ದಾವಣಗೆರೆ ಕಡೆ ಹಳೇ ಹೊಲಿಗೆ ಮಷಿನ್ ಹುಡುಕುತ್ತಿರುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ. ನಾನು ಮನೆಯಲ್ಲೇ ಟೈಲರಿಂಗ್ ಕ್ಲಾಸ್ ನಡೆಸುತ್ತೇನೆ. ಈಗ ಕೌದಿ ಕಲಿಯಲು ಬರುವವರೂ ಇದ್ದಾರೆ, ಅವರಿಗೆ ಕೈಹೊಲಿಗೆಗಿಂತ ಮಷಿನ್ ಹೊಲಿಗೆಯೇ ಬೇಕು. ಹಳೇ ಸೀರೆಯ ನಾಲ್ಕೈದು ಪದರ ಸೇರಿದರೆ ಪ್ಲಾಸ್ಟಿಕ್ ಗೇರಿನ ಸಣ್ಣ ಮಷಿನ್‌ಗಳು ನಿಂತೇಬಿಡುತ್ತವೆ. ಅದಕ್ಕೇ ಎರಕದ ಕಬ್ಬಿಣದ ಹಳೇ ಮಷಿನ್ ಎರಡು ತಗೊಂಡೆ.

ಹಳೇ ಸಾಮಾನಿನ ಅಂಗಡಿಯವರು ಎರಡನ್ನೂ ಕರ‍್ರಗೆ ಮಿರಮಿರ ಮಿಂಚುವ ಹಾಗೆ ಮಾಡಿಟ್ಟಿದ್ದರು. ಮೇಲೆ ಚಿನ್ನದ ಬಣ್ಣದ ಹೂಬಳ್ಳಿ. 'ನೂರು ವರ್ಷದ ಸ್ಕಾಟ್ಲೆಂಡ್ ಮಾಲು ಅಕ್ಕಾ, ಇದರೊಳಗೆ ಏನಿದೆ ಅಂತ ನಿಮಗೆ ಗೊತ್ತಿಲ್ಲ' ಅಂದರು. ಈ 'ಒಳಗೆ ಏನೋ ಇದೆ' ಅನ್ನೋ ಮಾತು ಕೇಳಿದರೆ ಸುಮ್ನೆ ಎದ್ದು ಬನ್ನಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಸಿಂಗರ್ ಮಷಿನ್ ಒಳಗೆ ತುಂಬಾ ಬೆಲೆಬಾಳುವ 'ಕೆಂಪು ಪಾದರಸ' ಅನ್ನೋ ವಸ್ತು ಇದೆ ಅಂತ ಸುಳ್ಳು ಸುದ್ದಿ ಹಬ್ಬಿ, ಜನ ಹುಚ್ಚೆದ್ದು ರೇಟು ಏರಿಸಿದ್ದರು. ಇರೋದು ಕಬ್ಬಿಣ, ಉಕ್ಕು ಅಷ್ಟೇ. ನನ್ನ ಕೈಯಿಂದ ಎರಡಕ್ಕೆ 22,000 ರೂಪಾಯಿ ಹೋಯಿತು.

ಅಂಗಡಿಯಲ್ಲಿ ತೆಳು ಕಾಟನ್ ಬಟ್ಟೆ ಎರಡು ಪದರ ಇಟ್ಟು ಹೊಲಿದು ತೋರಿಸಿದರು, ಚೆನ್ನಾಗೇ ಬಂತು. ಮನೆಯಲ್ಲಿ ಕೌದಿ ಇಟ್ಟರೆ ಒಂದನೇ ಮಷಿನ್ ಹೊಲಿಗೆ ಬಿಡುತ್ತಾ ಹೋಯಿತು. ಮಂಡಿಪೇಟೆ ಕಡೆಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಬಿಚ್ಚಿಸಿದೆ. ಅದು ದೋಣಿ ಆಕಾರದ ಉದ್ದ ಶಟಲ್ (ಕೆಳಗಿನ ದಾರ ಸುತ್ತಿದ ಬಾಬಿನ್ ಕೂರುವ ಭಾಗ) ಇರುವ ಮಷಿನ್. ಶಟಲ್ ಮೂತಿ ತುಕ್ಕು ತಿಂದು ಗುಂಡಿ ಬಿದ್ದಿತ್ತು, ದಾರ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಳಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟು ಬಿಟ್ಟು ಅಂಟಾಗಿತ್ತು, ಸೀಮೆಎಣ್ಣೆ ಹಾಕಿ ನೆನೆಸಿದ ಮೇಲೇ ಚಕ್ರ ಹಗುರವಾಗಿ ತಿರುಗಿದ್ದು. ಅದಕ್ಕೆ ಬೇಕಾದ ಕಡ್ಡಿಯಂಥ ಉದ್ದ ಬಾಬಿನ್ ನಮ್ಮೂರಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಜೊತೆಗೆ ಬಂದಿದ್ದು ಒಂದೇ ಒಂದು. ಕ್ಲಾಸಿನಲ್ಲಿ ಹತ್ತು ಜನ ಹತ್ತು ಬಣ್ಣದ ದಾರ ಹಿಡಿದು ಕೂತಿರುತ್ತಾರೆ, ಒಂದು ಬಾಬಿನ್ ಇಟ್ಟುಕೊಂಡು ಏನು ಕಲಿಸೋದು ಹೇಳಿ? ಹಿಂದಕ್ಕೆ ಹೊಲಿಯುವ ಸೌಕರ್ಯವೂ ಅದರಲ್ಲಿ ಇಲ್ಲ.

ಎರಡನೆಯದರ ಕಥೆ ಬೇರೆ. ಹೂಬಳ್ಳಿಯನ್ನು ಉಗುರಿನಿಂದ ಕೆರೆದರೆ ಸ್ಟಿಕರ್ ಹಾಗೆ ಎದ್ದು ಬಂತು. ಮಷಿನ್‌ನ ಸೀರಿಯಲ್ ನಂಬರ್ ಇರಬೇಕಾದ ಜಾಗವನ್ನು ಉಜ್ಜಿ ಬಣ್ಣ ಬಳಿದಿದ್ದರು. 1900ರ ನಂತರದ ಸಿಂಗರ್‌ನಲ್ಲಿ ಆ ನಂಬರಿನ ಮುಂದೆ ಇಂಗ್ಲಿಷ್ ಅಕ್ಷರ ಇರುತ್ತದೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದಾದರೆ ಎಫ್, ವೈ, ಇ ಜೊತೆಗೆ ಇನ್ನೊಂದು ಅಕ್ಷರ, ಹೀಗೆ ಕೆಲವು ಇರುತ್ತವೆ. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ನಂಬರ್ ಕೆರೆದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅರ್ಥ. ನನ್ನದು ನಮ್ಮ ದೇಶದಲ್ಲೇ ಮಾಡಿದ ನಕಲು, ಸಿಂಗರ್‌ನ '15' ಅನ್ನೋ ಮಾಡೆಲ್ ನೋಡಿ ಮಾಡಿದ್ದು.

ತಮಾಷೆ ಅಂದರೆ ಈ ನಕಲಿಯೇ ಕೌದಿ ಚೆನ್ನಾಗಿ ಹೊಲಿಯುತ್ತದೆ! ಗುಂಡನೆಯ ಬಾಬಿನ್, ಬಾಬಿನ್ ಕೇಸ್, ಸೂಜಿ, ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಎಲ್ಲಾ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. 18ನೇ ನಂಬರ್ ಸೂಜಿ ಹಾಕಿದರೆ ಐದು ಪದರ ದಾಟುತ್ತದೆ. ನೋವಿರೋದು ರೇಟಿನ ಬಗ್ಗೆ. ಅಷ್ಟು ದುಡ್ಡು ಬಾಳುವ ಮಷಿನ್ ಅಲ್ಲ ಅಂತ ಮೆಕ್ಯಾನಿಕ್ಕೇ ಹೇಳಿದರು.

ಹಾಗಾಗಿ ಕ್ಲಾಸಿಗೆ ಬೇಕಿದ್ದರೆ ಎಷ್ಟು ವರ್ಷ ಹಳೇದು ಅಂತ ಕೇಳಲೇಬೇಡಿ. ಮೊದಲು ಬಾಬಿನ್ ಹೊರತೆಗೆಸಿ ನೋಡಿ, ಅಂಥದ್ದೇ ನಿಮ್ಮೂರ ಅಂಗಡಿಯಲ್ಲಿ ಇದೆಯಾ ಅಂತ ವಿಚಾರಿಸಿ. ಹೊಲಿಯಲಿರುವ ಕೌದಿಯ ತುಂಡನ್ನೇ ಜೊತೆಗೆ ಒಯ್ದು, ನೀವೇ ಕೂತು ಒಂದು ಮೊಳ ಹೊಲಿಯಿರಿ. ಅವರು ತುಳಿದು ತೋರಿಸಿದ್ದು ಲೆಕ್ಕಕ್ಕಿಲ್ಲ. ಬಟ್ಟೆ ತಳ್ಳುವ ಹಲ್ಲು ಕೆಳಗೆ ಇಳಿಯುತ್ತಾ ಅಂತಲೂ ನೋಡಿ. ಇಳಿಯದಿದ್ದರೆ ಬಟ್ಟೆಯನ್ನು ಬೇಕಾದ ಕಡೆ ತಿರುಗಿಸುತ್ತಾ ಬಳ್ಳಿ, ಸುರುಳಿ ಹೊಲಿಯೋದು ಕಷ್ಟ.

ಬಿಲ್ಲಿನಲ್ಲಿ ಕಂಪನಿ ಹೆಸರು, ನಂಬರ್ ಬರೆಸಿಕೊಳ್ಳಿ. ನನಗೆ ಕೊಟ್ಟ ಚೀಟಿಯಲ್ಲಿ ಇದ್ದಿದ್ದು 'ಹಳೇ ಮಷಿನ್ 2' ಅಂತ ಮಾತ್ರ. ವಾಪಸ್ ಕೇಳಿದ್ದಕ್ಕೆ ಅವರು ಆ ಚೀಟಿಯನ್ನೇ ತೋರಿಸಿ, 'ಹಳೇದೇ ಕೊಟ್ಟಿದ್ದೀವಲ್ಲ ಅಕ್ಕಾ' ಅಂದರು.