ಹತ್ತಿ ಕಂಪನಿಯ ಕಿಟ್ಟು, ರಕ್ತ ಪರೀಕ್ಷೆ: ಎರಡು ಹಂಗಾಮು ಬಳಸಿ ನೋಡಿದ ಮೇಲೆ

ನಮ್ಮದು ರಾಯಚೂರು ತಾಲ್ಲೂಕಿನ ಒಂದು ಹಳ್ಳಿ, ನಾಲ್ಕು ಎಕರೆ ಹತ್ತಿ. ಎರಡು ವರ್ಷದಿಂದ ಒಂದು ಕಂಪನಿ ನಮ್ಮೂರ ಹತ್ತಿಯನ್ನು ನೇರವಾಗಿ ಕೊಳ್ಳುತ್ತಿದೆ. ಅದರ ಜೊತೆಗೇ ರೈತರ ಆರೋಗ್ಯಕ್ಕೆ ಅಂತ ಒಂದು ಯೋಜನೆ ನಡೆಸುತ್ತದೆ. ಎಣ್ಣೆ ಹೊಡೆಯುವಾಗ ಹಾಕಿಕೊಳ್ಳಲು ಕಿಟ್ಟು, ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ, ತಿಂಗಳಿಗೊಮ್ಮೆ ಊರಿಗೆ ಬರುವ ಆಸ್ಪತ್ರೆ ಗಾಡಿ. (ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅಂತಲೇ ಅನ್ನುವುದು.) ಪಕ್ಕದ ಊರಿನವರು ಸೇರಬಹುದಾ, ಹೇಗಿದೆ ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕಿಟ್ಟು. ಪ್ಲಾಸ್ಟಿಕ್ ಅಂಗಿ, ಕನ್ನಡಕ, ಮಾಸ್ಕು, ಗ್ಲೌಸು ಇವೆ. ಹತ್ತಿ ಗಿಡ ಎದೆಮಟ್ಟ ಬಂದಾಗ, ಮಳೆ ಬಿಟ್ಟು ಬಿಸಿಲು ಕಾದಾಗ, 16 ಲೀಟರ್ ಪಂಪು ಬೆನ್ನಿಗೆ ಹಾಕಿಕೊಂಡು ಆ ಅಂಗಿಯಲ್ಲಿ ಸಾಲಿನೊಳಗೆ ನಡೆದು ನೋಡಿ. ಒಂದು ಸಾಲು ಮುಗಿಯುವುದರೊಳಗೆ ಮೈಯೆಲ್ಲ ಬೆವರು ಸುರಿಯುತ್ತದೆ. ಕನ್ನಡಕಕ್ಕೆ ಆವಿ ಕಟ್ಟಿ ಮುಂದಿನ ಗಿಡ ಕಾಣುವುದಿಲ್ಲ. ನಾನು ಎರಡನೇ ಟ್ಯಾಂಕಿಗೇ ಅಂಗಿ ಬಿಚ್ಚಿಟ್ಟೆ. ಊರಲ್ಲಿ ಹಾಕಿಕೊಂಡವರನ್ನು ನೋಡಿದ್ದು ಕಂಪನಿಯವರು ಫೋಟೋ ತೆಗೆಯಲು ಬಂದ ದಿನ ಮಾತ್ರ. ರಾಯಚೂರಿನ ಬಿಸಿಲಿಗೆ ಆಗುವಂಥ ಅಂಗಿ ಬೇಕು ಅಂದರೆ ಮೊದಲು ಇಲ್ಲಿ ಹೊಲಕ್ಕೆ ಬಂದು ಒಂದು ದಿನ ಹೊಡೆದು ನೋಡಬೇಕು.

ಗ್ಲೌಸಿನದು ಬೇರೆ ಕತೆ. ಮೊದಲ ವರ್ಷ ಬಟ್ಟೆಯದು ಕೊಟ್ಟಿದ್ದರು. ಅದು ಬರಿಗೈಗಿಂತ ಕೆಟ್ಟದ್ದು, ಯಾಕೆಂದರೆ ಎಣ್ಣೆ ಹೀರಿಕೊಂಡು ಬಿಚ್ಚುವ ತನಕ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಹೊಡೆಯುವವರ ಮೈಗೆ ವಿಷ ಹೆಚ್ಚಾಗಿ ಇಳಿಯುವುದು ಚರ್ಮದಿಂದಲೇ, ಅದರಲ್ಲೂ ಡಬ್ಬಿ ಬಿಚ್ಚಿ ಅಳೆದು ಕಲಸುವ ಹೊತ್ತಿನಲ್ಲಿ. ನಾವು ಜಗಳ ಮಾಡಿದ ಮೇಲೆ ಎರಡನೇ ವರ್ಷ ನೈಟ್ರೈಲ್ ಅನ್ನುವ ರಬ್ಬರಿನಂಥ ಗ್ಲೌಸು ಬಂದವು. ಒಳ್ಳೆಯವು, ಹರಿಯುವುದಿಲ್ಲ. ಆದರೆ ಎಲ್ಲವೂ ಒಂದೇ ಅಳತೆ. ಅವ್ವ ಹಾಕಿಕೊಂಡಾಗ ಒಂದೊಂದು ಬೆರಳ ತುದಿಯಲ್ಲೂ ಒಂದಿಂಚು ಖಾಲಿ. ಮುಚ್ಚಳ ಹಿಡಿತಕ್ಕೆ ಸಿಗದೆ, ಹಲ್ಲಿನಿಂದ ಗ್ಲೌಸು ಎಳೆದು ತೆಗೆದು, ಬರಿಗೈಯಲ್ಲೇ ತಿರುಗಿಸಿದಳು. ನೋಡಿ ನನ್ನ ಎದೆ ಝಲ್ ಅಂತು. ನೀರು ಹೊತ್ತು ತಂದು ಎಣ್ಣೆ ಕಲಸಿಕೊಡುವುದು ನಮ್ಮಲ್ಲಿ ಹೆಂಗಸರೇ ಅಲ್ವಾ? ಅವರ ಕೈಯ ಅಳತೆ ಯಾರೂ ಕೇಳಲೇ ಇಲ್ಲ.

ಇಡೀ ಯೋಜನೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ತೀರಾ ಅಗ್ಗದ ಒಂದು ಸಾಮಾನು. ನಲ್ಲಿ ಇರುವ ನೀರಿನ ಡ್ರಮ್ಮು, ಜೊತೆಗೆ ಒಂದು ಸೋಪು. ಬದುವಿನ ಮೇಲೆ ಬೇವಿನ ಗಿಡದ ಕೆಳಗೆ ಇಟ್ಟಿದ್ದೇವೆ. ಮೊದಲೆಲ್ಲ ಕೈಯನ್ನು ಲುಂಗಿಗೆ ಒರೆಸಿಕೊಂಡು ರೊಟ್ಟಿ ಮುರಿಯುತ್ತಿದ್ದೆವು. ಈಗ ತೊಳೆಯದೆ ಯಾರೂ ಬುತ್ತಿ ಬಿಚ್ಚುವುದಿಲ್ಲ. ಆಸ್ಪತ್ರೆ ಗಾಡಿಯ ನರ್ಸಮ್ಮ ಹೇಳಿಕೊಟ್ಟದ್ದೂ ಉಪಯೋಗಕ್ಕೆ ಬಂತು. ಡಬ್ಬಿ ಮೇಲಿನ ಕೆಂಪು ಗುರುತು ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಯಾರಿಗಾದರೂ ವಾಂತಿ, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಅಂದರೆ ಮೈ ತೊಳೆಸಿ, ಬಟ್ಟೆ ಬದಲಿಸಿ, ಡಬ್ಬಿಯನ್ನೂ ಜೊತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ಯಾವ ಎಣ್ಣೆ ಅಂತ ಗೊತ್ತಾದರೆ ಡಾಕ್ಟರಿಗೆ ಮದ್ದು ಕೊಡಲು ಸುಲಭ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ಅವರು ಹೊಡೆದದ್ದೂ ನಮ್ಮಂಥ ಹೊಲಗಳಿಗೇ.

ಇನ್ನು ರಕ್ತ ಪರೀಕ್ಷೆ. ಇದನ್ನು ಸರಿಯಾಗಿ ಮಾಡುತ್ತಾರೆ. ಹಂಗಾಮು ಶುರುವಾಗುವ ಮುಂಚೆ ಒಂದು ಸಲ, ಹೊಡೆತ ಜೋರಾಗಿರುವಾಗ ಇನ್ನೊಂದು ಸಲ. ಕೋಲಿನೆಸ್ಟರೇಸ್ ಅಂತ ನರಗಳ ಕೆಲಸಕ್ಕೆ ಬೇಕಾದ ಒಂದು ಅಂಶ ರಕ್ತದಲ್ಲಿ ಇರುತ್ತದೆ, ಕೆಲವು ಜಾತಿಯ ಎಣ್ಣೆ ಮೈ ಸೇರಿದರೆ ಅದು ಇಳಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಮಟ್ಟ ಇರುವುದರಿಂದ ಮೊದಲಿನ ಲೆಕ್ಕ ಇಲ್ಲದೆ ಆಮೇಲಿನದು ನೋಡಿ ಪ್ರಯೋಜನ ಕಡಿಮೆ. ಎರಡೂ ಸಲ ಮಾಡುವುದಕ್ಕೆ ಈ ಕಂಪನಿಗೆ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಪಟ್ಟಿ ಮಾಡಿದ್ದು ಪಹಣಿ ನೋಡಿ. ಹೊಲ ಯಾರ ಹೆಸರಲ್ಲಿದೆಯೋ ಅವರ ರಕ್ತ. ನಮ್ಮಪ್ಪ ಪಂಪು ಹೊತ್ತು ಹತ್ತು ವರ್ಷ ಆಯಿತು, ಮಂಡಿ ನೋವು. ಅವನ ರಕ್ತ ತೆಗೆದರು. ಊರಿನ ಅರ್ಧ ಹೊಲಕ್ಕೆ ಟ್ಯಾಂಕಿನ ಲೆಕ್ಕದಲ್ಲಿ ಹೊಡೆಯುವ ಮಾವ ಒಬ್ಬ ಇದ್ದಾನೆ, ತುಂಡು ಭೂಮಿ ಇಲ್ಲ. ಪಂಚಾಯಿತಿ ಕಟ್ಟೆಯ ಮೇಲೆ ತೋಳು ಮಡಚಿಕೊಂಡು ಕೂತಿದ್ದವನನ್ನು ಹೆಸರಿಲ್ಲ ಅಂತ ಎಬ್ಬಿಸಿ ಕಳಿಸಿದರು. ಈ ಸಲ ಎಲ್ಲರೂ ಹಟ ಹಿಡಿದದ್ದಕ್ಕೆ ಕೂಲಿಯವರದೂ ಒಂದು ಪಟ್ಟಿ ಆಯಿತು. ಅದರಲ್ಲಿ ಇವನೊಬ್ಬನದೇ ತೀರಾ ಕಡಿಮೆ ಬಂತು. ಮತ್ತೆ ಪರೀಕ್ಷೆ ಮಾಡಿ ಸರಿಹೋಗುವ ತನಕ ಎಣ್ಣೆ ಮುಟ್ಟಬೇಡ ಅಂದರು ಡಾಕ್ಟರು.

ಅಷ್ಟು ದಿನದ ಕೂಲಿ ಯಾರು ಕೊಡುತ್ತಾರೆ? ನಮ್ಮ ಹತ್ತಿಯಿಂದ ನೂಲು ತೆಗೆಯುವ ಗಿರಣಿಯ ಕೆಲಸಗಾರನಿಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದ ತನಕ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ. ಹೊಲದ ಕೂಲಿಗೆ ಅದು ಯಾವುದೂ ಇಲ್ಲ. ಹತ್ತಿ ಅದೇ, ಕೊಳ್ಳುವವರೂ ಅವರೇ. ಕಂಪನಿಯವರ ಹತ್ತಿರ ಕೇಳಿದೆ. ಅಂಥವರಿಗೆ ಎಣ್ಣೆ ಮುಟ್ಟದ ಬೇರೆ ಕೆಲಸ ಕೊಡಿ, ಇಲ್ಲ ಆ ದಿನಗಳ ಕೂಲಿ ಕಟ್ಟಿಕೊಡಿ ಅಂದೆ. ಬರೆದುಕೊಂಡು ಹೋಗಿದ್ದಾರೆ.

ಸೇರುವವರು ಸೇರಿ. ರಕ್ತ ಪರೀಕ್ಷೆ ಮತ್ತು ಡ್ರಮ್ಮಿಗಾಗಿಯಾದರೂ ಸೇರಿ. ಆದರೆ ಮೊದಲ ದಿನವೇ ಕೂಲಿಯವರ ಪಟ್ಟಿ, ಹೆಂಗಸರ ಅಳತೆಯ ಗ್ಲೌಸು ಬರೆಸಿಕೊಳ್ಳಿ. 5ಕ್ಕೆ 3 ಕೊಡುತ್ತೇನೆ.

ಮಾವ ಮೂರು ದಿನ ಮನೆಯಲ್ಲಿದ್ದ. ನಾವು ನಮ್ಮ ಹೊಲಕ್ಕೆ ಕರೆಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಪಂಪು ಹಾಕಿಕೊಂಡು ಪಕ್ಕದೂರಿಗೆ ಹೋದ, ಅಲ್ಲಿ ಇನ್ನೂ ಯಾರೂ ಪಟ್ಟಿ ಮಾಡಿಲ್ಲ.