ಲಾಕ್ ಇರುವ ಪ್ರೊಸೆಸರ್‌ನ ಬೇಸ್ ಕ್ಲಾಕ್ ಏರಿಸುವ ಮುಂಚೆ ಇದನ್ನು ಓದಿ

ಮಲ್ಟಿಪ್ಲೈಯರ್ ಲಾಕ್ ಆಗಿರುವ ಪ್ರೊಸೆಸರನ್ನು ಬೇಸ್ ಕ್ಲಾಕ್ ಏರಿಸಿ ಓವರ್‌ಕ್ಲಾಕ್ ಮಾಡೋಣ ಅಂತಿದ್ದರೆ ಸ್ವಲ್ಪ ತಾಳಿ. (ಬೇಸ್ ಕ್ಲಾಕ್ ಅನ್ನೋ ಮೂಲ ವೇಗವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಬರೋದೇ ಪ್ರೊಸೆಸರ್‌ನ ವೇಗ; ಅದನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸೋದೇ ಓವರ್‌ಕ್ಲಾಕ್.) ನನ್ನ ಪ್ರೊಸೆಸರ್‌ಗೆ ಏನೂ ಆಗಲಿಲ್ಲ, ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಹಾಳಾಗಿದ್ದು ಡಿಸ್ಕ್‌ನಲ್ಲಿದ್ದ ಫೈಲುಗಳು.

ನನ್ನದು ಇಂಟೆಲ್ ಐ5-3470. ಹೆಸರಿನ ಕೊನೆಗೆ 'ಕೆ' ಇಲ್ಲ, ಹಾಗಾಗಿ ಮಲ್ಟಿಪ್ಲೈಯರನ್ನು ಮನಸ್ಸಿಗೆ ಬಂದಷ್ಟು ಏರಿಸೋಕೆ ಆಗಲ್ಲ. ಮದರ್‌ಬೋರ್ಡ್ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ಒಂದು ಬಟನ್ ಇತ್ತು, ಒತ್ತಿದರೆ ಎಲ್ಲ ತಾನೇ ಟ್ಯೂನ್ ಮಾಡುತ್ತೆ ಅಂತ. ಒತ್ತಿದೆ. ರೀಸ್ಟಾರ್ಟ್ ಆದಾಗ ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್ ಇದ್ದದ್ದು 106 ಆಗಿತ್ತು. ಸ್ಟ್ರೆಸ್ ಟೆಸ್ಟ್ ಪಾಸ್ ಆಯ್ತು, ಬಿಸಿಯೂ ಜಾಸ್ತಿ ಇರಲಿಲ್ಲ. ಎಚ್ಚರಿಕೆ ಅಂತ ಒಂದು ಸಾಲೂ ಎಲ್ಲೂ ಕಾಣಲಿಲ್ಲ.

ಆಮೇಲೆ ಫೋಟೋಗಳನ್ನು ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿದೆ. ತೆರೆದರೆ ಕೆಲವು ಫೋಟೋಗಳ ಮೇಲಿನ ಅರ್ಧ ಸರಿ ಇದೆ, ಕೆಳಗಿನದು ಬರೀ ಬೂದು ಬಣ್ಣ. ಜಿಪ್ ಫೈಲುಗಳು ಸಿಆರ್‌ಸಿ ಎರರ್ (ಡೇಟಾ ಕೆಟ್ಟಿದೆ ಅನ್ನುವ ಸೂಚನೆ) ಅನ್ನತೊಡಗಿದವು. ಡಿಸ್ಕೇ ಹೋಯ್ತು ಅಂದುಕೊಂಡು ಅದರ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಿದರೆ, ಕೆಟ್ಟ ಸೆಕ್ಟರ್ ಒಂದೂ ಇಲ್ಲ. ಅಲ್ಟ್ರಾ ಡಿಎಂಎ ಸಿಆರ್‌ಸಿ ಎರರ್ ಲೆಕ್ಕ, ಅಂದರೆ ಡಿಸ್ಕ್ ಮತ್ತು ಬೋರ್ಡ್ ನಡುವೆ ಡೇಟಾ ಸಾಗುವಾಗಿನ ತಪ್ಪುಗಳ ಲೆಕ್ಕ, ಮಾತ್ರ ಏರುತ್ತಲೇ ಇತ್ತು. ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿದರೂ ನಿಲ್ಲಲಿಲ್ಲ. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ಸಿಗುವ ಸೆಟ್ಟಿಂಗ್‌ಗಳು) ಹೋಗಿ 100ಕ್ಕೆ ಇಳಿಸಿದ ಮೇಲೆ ನಿಂತಿತು.

ನನ್ನ ಪ್ರೊಸೆಸರ್ ಕಾಲದ ಬೋರ್ಡ್‌ಗಳಲ್ಲಿ, ಅಂದರೆ ಇಂಟೆಲ್‌ನ ಪೀಳಿಗೆಗಳಾದ 2011ರ ಸ್ಯಾಂಡಿ ಬ್ರಿಡ್ಜ್, 2012ರ ಐವಿ ಬ್ರಿಡ್ಜ್‌ನವುಗಳಲ್ಲಿ, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್, ಸಾಟಾ ಎಲ್ಲಕ್ಕೂ ಒಂದೇ ಮೂಲದ ಕ್ಲಾಕ್. ಒಂದನ್ನು ಏರಿಸಿದರೆ ಉಳಿದವೂ ಏರುತ್ತವೆ. ರ‍್ಯಾಮ್ ಕೂಡ 1600ರಿಂದ 1696ಕ್ಕೆ ಹೋಗಿತ್ತು. ಸ್ಟ್ರೆಸ್ ಟೆಸ್ಟ್ ಪ್ರೊಸೆಸರನ್ನು ಹಿಂಡುತ್ತೆ ಅಷ್ಟೇ, ಡಿಸ್ಕ್‌ಗೆ ಬರೆದದ್ದು ಸರಿ ಇದೆಯಾ ಅಂತ ನೋಡಲ್ಲ. ಇಷ್ಟಕ್ಕೂ ಸಿಕ್ಕಿದ್ದೇನು? 3.2 ಗಿಗಾಹರ್ಟ್ಸ್ ಇದ್ದದ್ದು 3.39. ಗೇಮ್‌ನಲ್ಲಿ ಕಣ್ಣಿಗೆ ಕಾಣದಷ್ಟು!

ಹೊಟ್ಟೆ ಉರಿದದ್ದು ಬ್ಯಾಕಪ್ ನೋಡಿದಾಗ. ರಾತ್ರಿ ತಾನಾಗೇ ನಡೆಯುವ ಬ್ಯಾಕಪ್ ಹೊಸ ಡ್ರೈವ್‌ನಲ್ಲಿದ್ದ ಕೆಟ್ಟ ಪ್ರತಿಗಳನ್ನೇ ಒಳ್ಳೆಯವುಗಳ ಮೇಲೆ ಬರೆದಿತ್ತು.

'ಅದು ಹಳೇ ಕಥೆ, ಸ್ಕೈಲೇಕ್‌ನಿಂದ ಕ್ಲಾಕ್ ಬೇರೆ ಮಾಡಿದ್ದಾರೆ' ಅನ್ನುವವರಿದ್ದಾರೆ. ನಿಜ, ಸ್ಕೈಲೇಕ್ ಅಂದರೆ ಇಂಟೆಲ್‌ನ 2015ರ ಪೀಳಿಗೆ. 2015ರ ಕೊನೆಗೆ ಕೆಲವು ಬೋರ್ಡ್‌ಗಳ ಬಯಾಸ್‌ನಲ್ಲಿ 'ಕೆ' ಇಲ್ಲದ ಪ್ರೊಸೆಸರ್‌ಗಳೂ ಬೇಸ್ ಕ್ಲಾಕ್‌ನಿಂದ ಚೆನ್ನಾಗಿ ಏರುತ್ತಿದ್ದವು, 2016ರಲ್ಲಿ ಇಂಟೆಲ್ ಆ ಬಾಗಿಲು ಮುಚ್ಚಿಸಿತು. ಆದರೆ ಆ ಬಯಾಸ್‌ಗಳಲ್ಲಿ ಕೋರ್‌ಗಳ ಬಿಸಿ ಸರಿಯಾಗಿ ತೋರಿಸುತ್ತಿರಲಿಲ್ಲ, ಒಳಗಿನ ಗ್ರಾಫಿಕ್ಸ್ ಬಂದ್, ಎವಿಎಕ್ಸ್ (ಒಮ್ಮೆಗೇ ಹಲವು ಲೆಕ್ಕ ಮಾಡುವ ಆದೇಶಗಳು) ಕೆಲಸ ತೀರಾ ನಿಧಾನ. ಬಿಸಿ ಎಷ್ಟು ಅಂತ ಗೊತ್ತಾಗದೆ ವೋಲ್ಟೇಜ್ ಏರಿಸೋದು ನನಗಂತೂ ಬೇಡಪ್ಪ.

ಈಗಾಗಲೇ ಏರಿಸಿದ್ದರೆ ಮೊದಲು ಬ್ಯಾಕಪ್ ನಿಲ್ಲಿಸಿ, ಆ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ. ಆಮೇಲೆ ಬಯಾಸ್‌ನಲ್ಲಿ ಬೇಸ್ ಕ್ಲಾಕ್ 100 ಮಾಡಿ. ಬೂಟೇ ಆಗದಿದ್ದರೆ ಪವರ್ ಕೇಬಲ್ ತೆಗೆದು ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಉಳಿಸಿದ ಬಯಾಸ್ ಸೆಟ್ಟಿಂಗ್ ಅಳಿಸಿ. ರ‍್ಯಾಮನ್ನು ಮೆಮ್‌ಟೆಸ್ಟ್‌ನಲ್ಲಿ ನೋಡಿಕೊಳ್ಳಿ. ದೊಡ್ಡ ಫೈಲೊಂದನ್ನು ಕಾಪಿ ಮಾಡಿ, ಎರಡರ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಒಂದೇ ಬಂದರೆ ಮಾತ್ರ ಬ್ಯಾಕಪ್ ಡಿಸ್ಕ್ ಮತ್ತೆ ಹಾಕಿ.